ವೈದ್ಯರ ಚೀಟಿಯಲ್ಲಿ ಆಹಾರವೂ ಇರಲಿ

ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯರೋಗದ ಮಾತ್ರೆ ಪುಕ್ಕಟೆ. ಮಾತ್ರೆಯ ಜೊತೆಗೆ ಒಂದು ಬುದ್ಧಿಮಾತೂ ದೊರೆಯುತ್ತದೆ: ಹಾಲು, ಮೊಟ್ಟೆ, ಬೇಳೆಕಾಳು ಚೆನ್ನಾಗಿ ತಿನ್ನಿ. ಕೊಳ್ಳೇಗಾಲದ ಮಿಲ್ಲಿನ ಕೂಲಿಯಾಗಲಿ, ಹನೂರಿನ ಬೆಟ್ಟದಂಚಿನ ಬಡ ರೈತನಾಗಲಿ, ಯಳಂದೂರಿನಲ್ಲಿ ಸೊಪ್ಪು ಮಾರುವಾಕೆಯಾಗಲಿ ತಲೆಯಾಡಿಸಿ ಹೊರಬರುತ್ತಾರೆ. ಕೊಳ್ಳಲು ಕಾಸೆಲ್ಲಿದೆ ಎಂದು ಅವರು ಕೇಳುವುದಿಲ್ಲ. ಹೇಳಿದವರು ವಿಚಾರಿಸುವುದೂ ಅಪರೂಪ.

ಕೊಳ್ಳಲಾರದವನಿಗೆ ತಿನ್ನೆಂದು ಹೇಳಿದರೆ ಚಿಕಿತ್ಸೆ ಮುಗಿಯಿತೇ? ಮುಗಿಯಲಿಲ್ಲವೆಂದು ವೈದ್ಯರೇ ತೋರಿಸಿಕೊಟ್ಟಿದ್ದಾರೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ನೇತೃತ್ವದಲ್ಲಿ ಜಾರ್ಖಂಡದಲ್ಲಿ ನಡೆದ ಅಧ್ಯಯನವು 2023ರಲ್ಲಿ ಪ್ರಕಟವಾಯಿತು. ಅಲ್ಲಿ ರೋಗಿಗಳಿಗೆಲ್ಲ ಆಹಾರ ಕೊಟ್ಟರು. ಕೆಲವು ಪ್ರದೇಶಗಳಲ್ಲಿ ಮನೆಮಂದಿಗೂ ಕೊಟ್ಟರು. ವಯಸ್ಕರಿಗೆ ತಿಂಗಳಿಗೆ ತಲಾ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೊತೆಗೆ ಜೀವಸತ್ವದ ಮಾತ್ರೆ. ಹಾಗೆ ಕೊಟ್ಟ ಮನೆಗಳಲ್ಲಿ ಹೊಸದಾಗಿ ಕ್ಷಯ ತಗುಲಿದ್ದು ಶೇಕಡಾ 39ರಷ್ಟು ಕಡಿಮೆಯಾಯಿತು.

ನಮ್ಮಲ್ಲೇನಿದೆ? ರೋಗಿಯ ಪೋಷಣೆಗೆಂದು ಕೇಂದ್ರ ಸರ್ಕಾರವು 2018ರಲ್ಲಿ ತಿಂಗಳಿಗೆ 500 ರೂಪಾಯಿ ಗೊತ್ತುಮಾಡಿತು. 2024ರ ನವೆಂಬರಿನಿಂದ ಅದು 1000. ದಿನಕ್ಕೆ 33 ರೂಪಾಯಿ! ಮಕ್ಕಳು ಬರಿಯ ಮುದ್ದೆ ನುಂಗುತ್ತಿರುವಾಗ ಯಾವ ತಾಯಿ ತಾನೊಬ್ಬಳೇ ಮೊಟ್ಟೆ ತಿಂದಾಳು? ಮನೆಮಂದಿಗೆ ಆಹಾರದ ಬುಟ್ಟಿ ಸಿಗಬೇಕಾದರೆ ದಾನಿಗಳು ಮುಂದೆ ಬರಬೇಕು. 2013ರ ಆಹಾರ ಭದ್ರತಾ ಕಾಯಿದೆಯ 5 ಕಿಲೋ ಹಕ್ಕು ಧಾನ್ಯಕ್ಕಷ್ಟೆ. ಬೇಳೆಗೆ ಆ ಖಾತರಿಯಿಲ್ಲ. ದಾನವನ್ನು ನಾವು ಹಳಿಯುವುದಿಲ್ಲ. ಆದರೆ ದಾನಿಗೆ ಮನಸ್ಸಿಲ್ಲದ ತಿಂಗಳು ರೋಗಿ ಏನು ಮಾಡಬೇಕು?

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿಗೆ ಔಷಧ ಕೊಡಹೋದ ಡಾ. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದರು. ಔಷಧದೊಂದಿಗೆ ಶಾಲೆ, ಜೀವನೋಪಾಯಗಳೂ ಬಂದವು. ವೈದ್ಯನ ಕೆಲಸ ಚೀಟಿಗೆ ನಿಲ್ಲುವುದಿಲ್ಲವೆಂಬುದಕ್ಕೆ ದೂರ ಹೋಗಬೇಕಾಗಿಲ್ಲ.

ನಾವು ಕೇಳುವುದಿಷ್ಟು. ಪ್ರತಿ ಭೇಟಿಯಲ್ಲಿ ವೈದ್ಯರು ರೋಗಿಯ ತೂಕ ನೋಡಿ ಬರೆಯಲಿ. ನಿನ್ನೆ ಮನೆಯಲ್ಲಿ ಏನು ಬೇಯಿಸಿದಿರೆಂದು ಗದರಿಸದೆ ಕೇಳಲಿ. ಅಗತ್ಯವಾದ ಆಹಾರವನ್ನು ಔಷಧದಂತೆಯೇ ಚೀಟಿಯಲ್ಲಿ ಬರೆಯಲಿ. ಆ ಚೀಟಿಗೆ ನ್ಯಾಯಬೆಲೆ ಅಂಗಡಿಯಲ್ಲಿ ಇಡೀ ಕುಟುಂಬಕ್ಕೆ ಬೇಳೆ, ಎಣ್ಣೆ ದೊರೆಯುವಂತೆ ಸರ್ಕಾರ ಆಜ್ಞೆ ಮಾಡಲಿ.

ಕಾರ್ಮಿಕ ಬಂಧುಗಳೇ, ವರ್ತಕ ಮಿತ್ರರೇ, ಪಕ್ಕದ ಮನೆಯ ಕೆಮ್ಮು ಅಲ್ಲಿಗೇ ನಿಲ್ಲುವುದಿಲ್ಲ. ಈ ಬೇಡಿಕೆಯನ್ನು ಮೂರು ತಾಲ್ಲೂಕುಗಳ ಆಸ್ಪತ್ರೆಗಳ ಬಾಗಿಲಿಗೆ ಒಟ್ಟಾಗಿ ಒಯ್ಯೋಣ.