ಚಿಕ್ಕನಾಯಕನಹಳ್ಳಿ

ಚಿಕ್ಕನಾಯಕನಹಳ್ಳಿಯು ಕರ್ನಾಟಕದ ತುಮಕೂರು ಜಿಲ್ಲೆಯ ಒಂದು ಪಟ್ಟಣ ಹಾಗೂ ತಾಲ್ಲೂಕು ಕೇಂದ್ರ. ಪಟ್ಟಣದ ಆಡಳಿತವನ್ನು ಪುರಸಭೆಯು ನಡೆಸುತ್ತದೆ. ಹಾಗಲವಾಡಿ ಪಾಳೆಯಗಾರರ ಮನೆತನದ ಚಿಕ್ಕನಾಯಕನಿಂದ ಊರಿಗೆ ಈ ಹೆಸರು ಬಂದಿತೆಂಬುದು ಪ್ರತೀತಿ. ವಿದ್ವಾಂಸ ತೀ.ನಂ. ಶ್ರೀಕಂಠಯ್ಯನವರ ಹುಟ್ಟೂರಾದ ತೀರ್ಥಪುರವು ಇದೇ ತಾಲ್ಲೂಕಿನಲ್ಲಿದೆ.

ಆರ್ಥಿಕತೆ

ತಾಲ್ಲೂಕಿನ ಕೆಲವೆಡೆ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರಿನ ಗಣಿಗಳಿದ್ದರೂ ಜನರ ಮುಖ್ಯ ಆಧಾರ ತೆಂಗು. ನೆರೆಯ ತಿಪಟೂರು, ತುರುವೇಕೆರೆಗಳಂತೆ ಇಲ್ಲಿಯೂ ಬಲಿತ ಕಾಯಿಗಳನ್ನು ಸುಮಾರು ಹತ್ತು ತಿಂಗಳಿಂದ ಒಂದು ವರ್ಷದವರೆಗೆ ಅಟ್ಟದಲ್ಲಿಟ್ಟು, ಒಳಗಿನ ನೀರು ಇಂಗಿದ ಮೇಲೆ ಸುಲಿದು ಉಂಡೆ ಕೊಬ್ಬರಿ ಪಡೆಯುತ್ತಾರೆ. ಮಾರಾಟಕ್ಕೆ ಪ್ರಮುಖ ಕೇಂದ್ರ ತಿಪಟೂರಿನ ಕೃಷಿ ಮಾರುಕಟ್ಟೆ.

ದರದ ಏರಿಳಿತ

2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇತ್ತು. ಮಾರುಕಟ್ಟೆಯ ದರ ಅದಕ್ಕಿಂತ ಕೆಳಗಿಳಿದು ರೈತರು ಹೋರಾಟಕ್ಕಿಳಿದರು. 2024ರಲ್ಲಿ ಬೆಂಬಲ ಬೆಲೆ 12,000 ರೂಪಾಯಿಗೆ ಏರಿತು. ರಾಜ್ಯ ಸರ್ಕಾರವು 1,500 ರೂಪಾಯಿ ಪ್ರೋತ್ಸಾಹಧನ ಸೇರಿಸಿತು. 2025ರಲ್ಲಿ ಮಾರುಕಟ್ಟೆ ದರವೇ 20,000 ರೂಪಾಯಿ ದಾಟಿತು.

ಈ ಏರಿಕೆಯ ಲಾಭ ಎಲ್ಲರಿಗೂ ಸಮನಾಗಿ ದೊರೆಯಲಿಲ್ಲ. ಹೊಂಬಾಳೆ ಒಡೆದು ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕಾಗುವುದರಿಂದ, 2023ರ ಬರದ ಪೆಟ್ಟು ಮುಂದಿನ ಕೊಯ್ಲುಗಳಲ್ಲಿ ಕಾಣಿಸಿಕೊಂಡಿತು. ಬಿಳಿನೊಣ, ಕಪ್ಪುತಲೆ ಹುಳುಗಳ ಬಾಧೆಯೂ ಇಳುವರಿಯನ್ನು ತಗ್ಗಿಸುತ್ತದೆ. ಬೆಲೆ ಇದ್ದಾಗ ಅಟ್ಟ ಬರಿದಾಗಿದ್ದರೆ ಪ್ರಯೋಜನವಿಲ್ಲ. ಕೊಬ್ಬರಿಯಾಗುವವರೆಗೆ ಕಾಯಲು ಅನುಕೂಲವಿಲ್ಲದ ಸಣ್ಣ ಹಿಡುವಳಿದಾರರು ಹಸಿ ಕಾಯಿಯನ್ನೇ ಮಾರುತ್ತಾರೆ. ಅವರಿಗೆ ಕೊಬ್ಬರಿಯ ಬೆಂಬಲ ಬೆಲೆ ನೇರವಾಗಿ ತಲುಪದು. ಆದ್ದರಿಂದ ಈ ಸೀಮೆಯ ಪ್ರಶ್ನೆ ಬೆಲೆಯೊಂದರದಲ್ಲ. ನೀರು, ಮರದ ಆರೋಗ್ಯ ಮತ್ತು ಕಾಯುವ ಶಕ್ತಿ, ಈ ಮೂರರದೂ ಆಗಿದೆ.