ಲೇಪಕ್ಕೆ ಗಡಸುತನವೊಂದೇ ಗುಣವಲ್ಲ

ಒಂದರ ಮೇಲೊಂದು ಜಾರುವ ಯಂತ್ರಭಾಗಗಳಿಗೆ ಗಡಸು ಲೋಹದ ಲೇಪ ಕೊಟ್ಟರೆ ಸವೆತ ತಪ್ಪುವುದೆಂದು ವಿದ್ಯಾರ್ಥಿಗಳಲ್ಲಿ ಹಲವರು ನಂಬಿರುವರು. ಇದು ಅರ್ಧಸತ್ಯ ಮಾತ್ರ.

ಎಷ್ಟೇ ನಯಗೊಳಿಸಿದ ಲೋಹದ ಮೇಲ್ಮೈಯೂ ಸೂಕ್ಷ್ಮವಾಗಿ ನೋಡಿದರೆ ಉಬ್ಬುತಗ್ಗುಗಳಿಂದ ಕೂಡಿದೆ. ಎರಡು ಲೋಹಗಳು ಉಬ್ಬುಗಳ ತುದಿಯಲ್ಲಿ ಮಾತ್ರ ತಾಗಿ, ಅಲ್ಲಿ ಬೆಸೆದುಕೊಳ್ಳುವುವು. ಆ ಬೆಸುಗೆಗಳನ್ನು ಕತ್ತರಿಸಲು ಬೇಕಾದ ಬಲವೇ ಘರ್ಷಣೆಯ ಬಹುಭಾಗ. ಕೇಂಬ್ರಿಜ್ಜಿನ ಬೌಡನ್ ಮತ್ತು ಟೇಬರ್ 1950ರ ತಮ್ಮ ಗ್ರಂಥದಲ್ಲಿ ಇದನ್ನು ವಿಶದಪಡಿಸಿದರು. ಗಡಸು ಉಕ್ಕಿನ ಮೇಲೆ ಇಂಡಿಯಂನಂತಹ ಮೃದುಲೋಹದ ತೆಳುಲೇಪವಿದ್ದರೆ ಭಾರವನ್ನು ಉಕ್ಕು ಹೊರುವುದು. ಕತ್ತರಿಸಿಹೋಗುವುದು ಲೇಪ ಮಾತ್ರ. ಆದುದರಿಂದ ಘರ್ಷಣೆ ಕುಗ್ಗುವುದು. ಲೇಪ ದಪ್ಪವಾದರೆ ತಾಗುವ ಕ್ಷೇತ್ರ ಹಿಗ್ಗಿ ಈ ಲಾಭ ತಪ್ಪುವುದು. ಗಡಸು ಲೇಪಕ್ಕೂ ತಕ್ಕ ಜೊತೆ ಬೇಕು. ಪಿಸ್ಟನ್ ಉಂಗುರಕ್ಕೆ ಕ್ರೋಮಿಯಂ ಲೇಪ ಹಿತಕರವಾದರೂ ಕ್ರೋಮಿಯಂ ಲೇಪದ ಸಿಲಿಂಡರಿನೊಳಗೆ ಅದು ಸಲ್ಲದು.

ನಮ್ಮ ತರಗತಿಗಳಲ್ಲಾದರೋ ಪಾಠವು 1699ರಲ್ಲಿ ಅಮಾಂಟನ್ ಸಾರಿದ ನಿಯಮಗಳ ಬಳಿಯೇ ಹೆಚ್ಚಾಗಿ ನಿಲ್ಲುತ್ತದೆ. ಘರ್ಷಣೆ, ಸವೆತಗಳ ಶಾಸ್ತ್ರವನ್ನು ಸರಿಯಾಗಿ ಬಳಸಿದರೆ ಬ್ರಿಟನ್ನಿನ ಉದ್ಯಮಗಳು ವರ್ಷಕ್ಕೆ 51.5 ಕೋಟಿ ಪೌಂಡು ಉಳಿಸಬಹುದೆಂದು 1966ರ ಜೋಸ್ಟ್ ವರದಿ ಅಂದಾಜು ಮಾಡಿತು; ಅದಕ್ಕೆ ಶಿಕ್ಷಣವೂ ಸಂಶೋಧನೆಯೂ ಅಗತ್ಯವೆಂದಿತು. ಘರ್ಷಣಾಂಕವನ್ನು ಕಂಠಪಾಠ ಮಾಡಿದವನು ಲೆಕ್ಕ ಬಿಡಿಸಿಯಾನು. ಮೇಲ್ಮೈಯನ್ನು ಅರಿತವನು ಯಂತ್ರವನ್ನು ಉಳಿಸಿಯಾನು. ಇಳಿಜಾರು ಹಲಗೆಯ ಪ್ರಯೋಗದೊಡನೆ ಈ ಅರಿವೂ ನಮ್ಮ ಪಾಠಕ್ಕೆ ಸೇರಬೇಕು.