ಗೊತ್ತು ಮಾಡಿಕೊಳ್ಳದಿರುವ ಹಕ್ಕು

ಮಾಹಿತಿ ಹೆಚ್ಚಿದಷ್ಟೂ ಒಳ್ಳೆಯದು ಅನ್ನೋದು ನಮ್ಮಂಥ ಸಾಫ್ಟ್‌ವೇರ್ ಮಂದಿಯ ಮೂಲಮಂತ್ರ. ಏನೇ ಕೆಟ್ಟರೂ ಲಾಗ್ ತೆಗೆದು ನೋಡು, ತಪ್ಪು ಹುಡುಕು, ಸರಿಮಾಡು. ನಾನೂ ಹಾಗೇ ನಂಬಿದ್ದೆ, ನ್ಯಾನ್ಸಿ ವೆಕ್ಸ್ಲರ್ ಬಗ್ಗೆ ಓದುವ ತನಕ. ತಪ್ಪು ಎಲ್ಲಿದೆ ಅಂತ ಗೊತ್ತಾಗಿಯೂ ಸರಿಮಾಡೋಕೆ ಆಗದಿದ್ದರೆ?

1968ರಲ್ಲಿ ಲಾಸ್ ಏಂಜಲೀಸ್‌ನ ಒಂದು ರಸ್ತೆಯಲ್ಲಿ ಬೆಳ್ಳಂಬೆಳಿಗ್ಗೆ ತೂರಾಡುತ್ತಾ ನಡೆಯುತ್ತಿದ್ದ ಹೆಂಗಸೊಬ್ಬರನ್ನು ನೋಡಿ ಪೋಲೀಸಿನವನು, ಕುಡಿದಿದ್ದಾರೆ ಅಂದುಕೊಂಡು ಗದರಿದನಂತೆ. ಆಕೆ ಕುಡಿದಿರಲಿಲ್ಲ. ಅದು ಹಂಟಿಂಗ್ಟನ್ ಕಾಯಿಲೆ. ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ಶುರುವಾಗುತ್ತೆ. ಕೈಕಾಲು ತಮ್ಮಷ್ಟಕ್ಕೆ ತಾವೇ ಆಡತೊಡಗುತ್ತವೆ, ಬುದ್ಧಿ ಕರಗುತ್ತೆ, ಕೊನೆಗೆ ಪ್ರಾಣ ಹೋಗುತ್ತೆ. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಥೇಟ್ ನಾಣ್ಯ ಚಿಮ್ಮಿದ ಹಾಗೆ.

ಆ ಹೆಂಗಸಿನ ಕಿರಿಯ ಮಗಳೇ ನ್ಯಾನ್ಸಿ. ಆಗ ಅವರಿಗೆ ಈಗಿನ ನನಗಿಂತಲೂ ಕಮ್ಮಿ ವಯಸ್ಸು. ವಿಷಯ ತಿಳಿದ ದಿನವೇ ಅಕ್ಕ ತಂಗಿ ಇಬ್ಬರೂ ನಮಗೆ ಮಕ್ಕಳು ಬೇಡ ಅಂತ ನಿರ್ಧರಿಸಿಬಿಟ್ಟರು. ಅದೇ ವರ್ಷ ಅಪ್ಪ ಸಂಶೋಧನೆಗೆ ಹಣ ಕೂಡಿಸಲು ಒಂದು ಪ್ರತಿಷ್ಠಾನ ಶುರುಮಾಡಿದರು.

ನ್ಯಾನ್ಸಿ ಓದಿದ್ದು ಮನಃಶಾಸ್ತ್ರ. ಆದರೂ 1979ರಲ್ಲಿ ಅವರು ವೆನೆಜುವೆಲಾದ ಮಾರಾಕೈಬೋ ಸರೋವರದ ದಂಡೆಯ ಬಡ ಹಳ್ಳಿಗಳಿಗೆ ಹೋದರು. ಅಲ್ಲಿ ಈ ಕಾಯಿಲೆ ಮನೆಮನೆಯಲ್ಲೂ ಇದೆ ಅಂತ ಅಲ್ಲಿನ ಡಾಕ್ಟರ್ ಅಮೇರಿಕೋ ನೆಗ್ರೆತೆ 1950ರ ದಶಕದಲ್ಲೇ ಬರೆದಿದ್ದರು. ನ್ಯಾನ್ಸಿಯ ತಂಡ ಎರಡು ದಶಕಗಳ ಕಾಲ ವರ್ಷವರ್ಷವೂ ಹೋಗಿ 18,000ಕ್ಕೂ ಹೆಚ್ಚು ಜನರ ವಂಶವೃಕ್ಷ ಬರೆಯಿತು, ಸಾವಿರಾರು ಜನರ ರಕ್ತದ ಮಾದರಿ ತಂದಿತು. ಅದರಿಂದಲೇ 1983ರಲ್ಲಿ, ದೋಷ ಇರುವುದು 4ನೇ ಕ್ರೋಮೋಸೋಮಿನಲ್ಲಿ ಅಂತ ಜೇಮ್ಸ್ ಗುಸೆಲ್ಲಾ ಮತ್ತು ಸಂಗಡಿಗರಿಗೆ ಸುಳಿವು ಸಿಕ್ಕಿದ್ದು. 1993ರಲ್ಲಿ ಜೀನ್ ಕೂಡ ಸಿಕ್ಕಿತು. ಸಿ, ಎ, ಜಿ ಅನ್ನೋ ಮೂರು ಅಕ್ಷರ ಅದರಲ್ಲಿ ಮತ್ತೆ ಮತ್ತೆ ಬರುತ್ತೆ. 35 ಸಲದವರೆಗೆ ಬಂದರೆ ಕಾಯಿಲೆ ಇಲ್ಲ. 40 ದಾಟಿದರೆ ತಪ್ಪಿಸಿಕೊಳ್ಳೋಕಾಗಲ್ಲ. ಒಂದು ಲೂಪ್ ನಾಲ್ಕಾರು ಸಲ ಜಾಸ್ತಿ ತಿರುಗಿದ್ದಕ್ಕೆ ಒಂದಿಡೀ ಬದುಕು!

ಆದರೆ ನನ್ನ ಪ್ರಕಾರ ನ್ಯಾನ್ಸಿಯ ದೊಡ್ಡ ಕೊಡುಗೆ ಇವೆರಡೂ ಅಲ್ಲ.

ಹಳ್ಳಿಯ ಜನ ಚರ್ಮದ ಚೂರು ಕೊಡಲು ಹಿಂಜರಿದಾಗ ನ್ಯಾನ್ಸಿ ತೋರಿಸಿದ್ದು ತನ್ನ ತೋಳಿನ ಗಾಯದ ಗುರುತನ್ನು. ನಾನೂ ಕೊಟ್ಟಿದ್ದೀನಿ, ನಮ್ಮಮ್ಮನಿಗೂ ಇದೇ ಕಾಯಿಲೆ ಇತ್ತು ಅಂತ. ಆಮೇಲೆ ಜನ ಮುಂದೆ ಬಂದರು. ಎದುರಿಗೆ ಕೂತವರು ಬರೀ ಸ್ಯಾಂಪಲ್ ಅಲ್ಲ ಅನ್ನೋದು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎರಡನೆಯದು ಇನ್ನೂ ಕಷ್ಟದ್ದು. ತಾನೇ ದಾರಿ ಮಾಡಿಕೊಟ್ಟ ಪರೀಕ್ಷೆಯನ್ನು ತಾನು ಮಾಡಿಸಿಕೊಂಡೆನಾ ಇಲ್ಲವಾ ಅಂತ ಆಕೆ ದಶಕಗಟ್ಟಲೆ ಬಾಯಿಬಿಡಲಿಲ್ಲ. ತಾನು ಹೇಳಿದ ಉತ್ತರ ಬೇರೆಯವರ ತೀರ್ಮಾನಕ್ಕೆ ಒತ್ತಾಯ ಆಗಬಾರದು ಅಂತ. ಗುಣಪಡಿಸುವ ಮದ್ದಿಲ್ಲದ ಕಾಯಿಲೆಯ ಫಲಿತಾಂಶ ಕೈಗಿಡುವ ಮುನ್ನ ಆಪ್ತಸಲಹೆ ಬೇಕು, ಬೇಡ ಅನ್ನುವ ಹಕ್ಕೂ ಇರಬೇಕು ಅಂತ ವಾದಿಸಿದರು. ಕೊನೆಗೆ 2020ರಲ್ಲಿ, 74ನೇ ವಯಸ್ಸಿನಲ್ಲಿ, ತನಗೂ ಆ ಕಾಯಿಲೆ ಇದೆ ಅಂತ ತಾವೇ ಹೇಳಿಕೊಂಡರು.

ಇದು ಹೇಡಿತನ ಅಲ್ವಾ, ಗೊತ್ತಾಗಿದ್ದರೆ ಬದುಕನ್ನು ಸರಿಯಾಗಿ ಪ್ಲಾನ್ ಮಾಡಬಹುದಿತ್ತಲ್ಲ ಅಂತ ಕೇಳಬಹುದು. ಮೊದಲು ನಾನೂ ಅದನ್ನೇ ಅಂದುಕೊಂಡೆ. ಆದರೆ ನೋಡಿ, ಇನ್ನೊಬ್ಬರಿಗೆ ತೊಂದರೆ ಆಗಬಹುದಾದ ಮಕ್ಕಳ ವಿಷಯವನ್ನು ಅವರು ಅವತ್ತೇ ತೀರ್ಮಾನಿಸಿಯಾಗಿತ್ತು. ಉಳಿದಿದ್ದು ಅವರದೇ ಬದುಕು. ಅದನ್ನು ತಿಳಿದು ಬದುಕಬೇಕೋ ತಿಳಿಯದೆ ಬದುಕಬೇಕೋ ಅಂತ ಹೇಳೋಕೆ ನಾನ್ಯಾರು?

ಇವತ್ತು ಉಗುಳು ಕಳಿಸಿದರೆ ಸಾಕು, ಜೀನ್ ಓದಿ ಹೇಳುವ ಕಂಪನಿಗಳಿವೆ. ನಮ್ಮಲ್ಲಿ ಹೆಣ್ಣು ಗಂಡು ನೋಡುವಾಗ ಮನೆತನದ ಕಾಯಿಲೆಯನ್ನು ಮುಚ್ಚಿಡುವುದು ಹೊಸದೇನಲ್ಲ. ನಾಳೆ ಜಾತಕದ ಜೊತೆ ಜೀನ್ ರಿಪೋರ್ಟನ್ನೂ ಕೇಳಿದರೆ ಆಶ್ಚರ್ಯ ಇಲ್ಲ. ಮುಚ್ಚಿಡುವುದೂ ತಪ್ಪು, ಬಲವಂತವಾಗಿ ಬಿಚ್ಚಿಸುವುದೂ ತಪ್ಪು. ಇವೆರಡರ ನಡುವಿನ ಸಣ್ಣ ದಾರಿಯಲ್ಲಿ ನಡೆದು ತೋರಿಸಿದವರು ನ್ಯಾನ್ಸಿ.

ಲಾಗ್ ಫೈಲ್ ತೆರೆಯುವ ಮೊದಲು ಅದು ಯಾರದ್ದು ಅಂತ ಕೇಳೋದನ್ನು ನಾನಂತೂ ಈಗಷ್ಟೇ ಕಲಿಯುತ್ತಿದ್ದೀನಿ. ನೀವಾಗಿದ್ದರೆ ಪರೀಕ್ಷೆ ಮಾಡಿಸಿಕೊಳ್ಳುತ್ತಿದ್ದಿರಾ?